ನೆಗೆಟಿವ್ ಯಾರದು? ಕರ್ನಾಟಕದ ಸ್ಟುಡಿಯೋ ಛಾಯಾಗ್ರಹಣ ವೃತ್ತಿಯ ಸ್ಥಿತ್ಯಂತರಗಳು

ಕರ್ನಾಟಕದ ಚರಿತ್ರೆಯ ಆಕರಗಳನ್ನು ಹೆಸರಿಸುವಾಗ ನಾವು ಶಾಸನ, ಕೈಫಿಯತ್ತು, ಬಖೈರು, ಸರ್ಕಾರಿ ಕಡತ ಮತ್ತು ಮೌಖಿಕ ಪರಂಪರೆಗಳನ್ನು ನೆನೆಯುತ್ತೇವೆ. ಛಾಯಾಚಿತ್ರವೂ ಈ ಪಟ್ಟಿಯಲ್ಲಿ ಸೇರಿದೆಯಾದರೂ ಅದು ಬಹುಮಟ್ಟಿಗೆ ದೇವಾಲಯಗಳ, ಅರಸು ಮನೆತನಗಳ ಮತ್ತು ರಾಷ್ಟ್ರೀಯ ನಾಯಕರ ಚಿತ್ರಗಳಿಗೆ ಸೀಮಿತವಾಗಿದೆ. ಊರೂರಿನ ಪೇಟೆಬೀದಿಯ ಸ್ಟುಡಿಯೋಗಳಲ್ಲಿ ಹಣ ಕೊಟ್ಟು ಕುಳಿತು ಚಿತ್ರ ತೆಗೆಸಿಕೊಂಡ ಸಾಮಾನ್ಯ ಜನರ ಚಿತ್ರರಾಶಿಯಾಗಲಿ, ಆ ರಾಶಿಯನ್ನು ಸೃಷ್ಟಿಸಿದ ವೃತ್ತಿಯಾಗಲಿ ಚರಿತ್ರಕಾರರ ಗಮನವನ್ನು ಸಾಕಷ್ಟು ಸೆಳೆದಿಲ್ಲ. ಕಲೆಯ ಚರಿತ್ರೆ ಬರೆಯುವವರಿಗೆ ಅದು ಕಲೆಯಾಗಿ ಕಾಣಲಿಲ್ಲ. ಆರ್ಥಿಕ ಚರಿತ್ರೆ ಬರೆಯುವವರಿಗೆ ಅದು ಗಣನೀಯ ಉದ್ಯಮವಾಗಿ ಕಾಣಲಿಲ್ಲ.

ಈ ವೃತ್ತಿಯನ್ನು ಒಂದು ವ್ಯಾಪಾರವಾಗಿ ನೋಡುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಛಾಯಾಗ್ರಾಹಕನು ಗಿರಾಕಿಗೆ ಮಾರುತ್ತಿದ್ದುದು ಏನನ್ನು, ತನ್ನಲ್ಲಿ ಉಳಿಸಿಕೊಳ್ಳುತ್ತಿದ್ದುದು ಏನನ್ನು ಎಂಬುದು ಇಲ್ಲಿನ ಮೂಲ ಪ್ರಶ್ನೆ. ಉತ್ತರ ಸರಳವಾಗಿದೆ: ಅವನು ಮಾರುತ್ತಿದ್ದುದು ಪ್ರತಿಯನ್ನು, ಉಳಿಸಿಕೊಳ್ಳುತ್ತಿದ್ದುದು ನೆಗೆಟಿವನ್ನು. ಯಂತ್ರ, ರಾಸಾಯನಿಕ, ಕಾನೂನು ಮತ್ತು ತೆರಿಗೆಗಳು ಬದಲಾದಂತೆಲ್ಲ ಈ ವ್ಯವಸ್ಥೆ ಅಲುಗಾಡಿತು. ಕೊನೆಗೆ ನೆಗೆಟಿವ್ ಎಂಬ ವಸ್ತುವೇ ಇಲ್ಲವಾಯಿತು. ವೃತ್ತಿಯ ಏಳುಬೀಳುಗಳನ್ನು ಈ ಒಂದು ಎಳೆಯನ್ನು ಹಿಡಿದು ವಿವರಿಸಬಹುದೆಂಬುದು ಇಲ್ಲಿಯ ಪ್ರತಿಪಾದನೆ.

ದಂಡಿನಿಂದ ಪೇಟೆಗೆ

1839ರಲ್ಲಿ ಪ್ಯಾರಿಸ್ಸಿನಲ್ಲಿ ದಾಗೇರನ ವಿಧಾನ ಪ್ರಕಟವಾದ ಕೆಲವೇ ತಿಂಗಳಲ್ಲಿ ಛಾಯಾಗ್ರಹಣದ ಸುದ್ದಿ ಭಾರತವನ್ನು ಮುಟ್ಟಿತು. 1854ರಲ್ಲಿ ಮುಂಬಯಿಯಲ್ಲಿ, 1856ರಲ್ಲಿ ಕಲ್ಕತ್ತೆ ಮತ್ತು ಮದರಾಸುಗಳಲ್ಲಿ ಛಾಯಾಗ್ರಹಣ ಸಂಘಗಳು ಹುಟ್ಟಿದವು. ಕನ್ನಡ ನಾಡಿನ ಮೊದಲ ಛಾಯಾಚಿತ್ರಗಳೂ ಇದೇ ಕಾಲದವು. 1854ರ ಡಿಸೆಂಬರಿನಲ್ಲಿ ಲಿನಿಯಸ್ ಟ್ರೈಪ್ ಬೇಲೂರು, ಹಳೇಬೀಡುಗಳಲ್ಲಿ ಚಿತ್ರ ತೆಗೆದನು. 1855ರಲ್ಲಿ ಮುಂಬಯಿ ಸರ್ಕಾರದಿಂದ ನೇಮಕಗೊಂಡ ಥಾಮಸ್ ಬಿಗ್ಸ್ ವಿಜಾಪುರ, ಬಾದಾಮಿ, ಐಹೊಳೆಗಳ ವಾಸ್ತುಶಿಲ್ಪವನ್ನು ಚಿತ್ರಿಸಿದನು. ಅವನ ಕೆಲಸವನ್ನು ವೈದ್ಯಾಧಿಕಾರಿ ಪಿಗೌ ಮುಂದುವರಿಸಿದನು. 1856ರ ಸುಮಾರಿಗೆ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪಿಯ ಅವಶೇಷಗಳನ್ನು ಮೇಣ ಹಚ್ಚಿದ ದೊಡ್ಡ ಕಾಗದದ ನೆಗೆಟಿವ್‌ಗಳಲ್ಲಿ ಹಿಡಿದನು. ಪಿಗೌ, ನೀಲ್ ಮತ್ತು ಬಿಗ್ಸ್ ತೆಗೆದ ಚಿತ್ರಗಳು ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗುಸನ್ ಅವರ ಟಿಪ್ಪಣಿಗಳೊಡನೆ 1866ರಲ್ಲಿ ಧಾರವಾಡ ಮತ್ತು ಮೈಸೂರಿನ ವಾಸ್ತುಶಿಲ್ಪವನ್ನು ಕುರಿತ ಗ್ರಂಥವಾಗಿ ಹೊರಬಂದವು.

ಇವರೆಲ್ಲರೂ ಸೈನ್ಯದ ಅಥವಾ ವೈದ್ಯ ಇಲಾಖೆಯ ಅಧಿಕಾರಿಗಳು. ಇವರ ವೆಚ್ಚವನ್ನು ಸರ್ಕಾರ ಭರಿಸುತ್ತಿತ್ತು, ಇಲ್ಲವೆ ಹವ್ಯಾಸವಾಗಿ ಅವರೇ ಭರಿಸುತ್ತಿದ್ದರು. ಗಿರಾಕಿ ಎಂಬ ವ್ಯಕ್ತಿಯೇ ಈ ಹಂತದಲ್ಲಿ ಇರಲಿಲ್ಲ. ಗಿರಾಕಿಯನ್ನು ಸೃಷ್ಟಿಸಿದ್ದು ಎರಡು ತಾಂತ್ರಿಕ ಬದಲಾವಣೆಗಳು. 1851ರಲ್ಲಿ ಆರ್ಚರನು ಪ್ರಕಟಿಸಿದ ಕೊಲೋಡಿಯನ್ ವಿಧಾನದಿಂದ ಗಾಜಿನ ಫಲಕದ ಮೇಲೆ ಸ್ಪಷ್ಟವಾದ ನೆಗೆಟಿವ್ ದೊರೆತು, ಅದರಿಂದ ಎಷ್ಟು ಪ್ರತಿಗಳನ್ನಾದರೂ ತೆಗೆಯುವುದು ಸಾಧ್ಯವಾಯಿತು. 1854ರಲ್ಲಿ ಪ್ಯಾರಿಸ್ಸಿನ ದಿಸ್ದೇರಿಯು ಒಂದೇ ಫಲಕದ ಮೇಲೆ ಹಲವು ಚಿಕ್ಕ ಚಿತ್ರಗಳನ್ನು ತೆಗೆಯುವ ವಿಧಾನಕ್ಕೆ ಹಕ್ಕು ಪಡೆದು ಭಾವಚಿತ್ರದ ಬೆಲೆಯನ್ನು ಇಳಿಸಿದನು. ಹೀಗೆ ಭಾವಚಿತ್ರವು ಡಜನ್ ಲೆಕ್ಕದಲ್ಲಿ ಮಾರಾಟವಾಗುವ ಸರಕಾಯಿತು.

1863ರಲ್ಲಿ ಭಾರತಕ್ಕೆ ಬಂದ ಸ್ಯಾಮ್ಯುಯೆಲ್ ಬೋರ್ನ್ ಪಾಲುದಾರನಾಗಿದ್ದ ಬೋರ್ನ್ ಅಂಡ್ ಶೆಫರ್ಡ್ ಸಂಸ್ಥೆ ಸಿಮ್ಲಾ, ಕಲ್ಕತ್ತೆಗಳಲ್ಲಿ ಬೆಳೆಯಿತು. ದಕ್ಷಿಣದಲ್ಲಿ ಮದರಾಸಿನ ನಿಕೋಲಸ್ ಅಂಡ್ ಕಂಪನಿ, ಅನಂತರ ವೀಲೆ ಅಂಡ್ ಕ್ಲೈನ್, ಬೆಂಗಳೂರು ದಂಡಿನ ಬಾರ್ಟನ್ ಸನ್ ಅಂಡ್ ಕಂಪನಿ ಮೊದಲಾದವು ಐರೋಪ್ಯ ಅಧಿಕಾರಿಗಳನ್ನೂ ಸಂಸ್ಥಾನಿಕರನ್ನೂ ಆಶ್ರಯಿಸಿದವು. ಭಾರತೀಯರಲ್ಲಿ ಅಗ್ರಗಣ್ಯನಾದ ಲಾಲಾ ದೀನದಯಾಳನು 1886ರಲ್ಲಿ ಸಿಕಂದರಾಬಾದಿನಲ್ಲಿಯೂ 1896ರಲ್ಲಿ ಮುಂಬಯಿಯಲ್ಲಿಯೂ ಸ್ಟುಡಿಯೋ ತೆರೆದನು. ಬೀದರ, ಕಲಬುರಗಿ, ರಾಯಚೂರುಗಳು ಅಂದು ನಿಜಾಮನ ಸಂಸ್ಥಾನಕ್ಕೆ ಸೇರಿದ್ದುದರಿಂದ ಸಿಕಂದರಾಬಾದಿನ ಈ ಸ್ಟುಡಿಯೋ ನಮ್ಮ ಚರಿತ್ರೆಗೂ ಸಂಬಂಧಿಸಿದ್ದು. 1892ರಲ್ಲಿ ದೀನದಯಾಳನು ಗೋಷಾ ಪದ್ಧತಿಯ ಸ್ತ್ರೀಯರಿಗಾಗಿ ಹೈದರಾಬಾದಿನಲ್ಲಿ ಪ್ರತ್ಯೇಕ ಜನಾನಾ ಸ್ಟುಡಿಯೋ ತೆರೆದು ಅದರ ಹೊಣೆಯನ್ನು ಓರ್ವ ಆಂಗ್ಲ ಮಹಿಳೆಗೆ ವಹಿಸಿದನು. ಸ್ತ್ರೀಯರ ಮರ್ಯಾದೆಯ ಕಟ್ಟಳೆಯನ್ನು ಮುರಿಯದೆ, ಅದನ್ನು ಅನುಸರಿಸಿಯೇ ಗಿರಾಕಿ ವಲಯವನ್ನು ವಿಸ್ತರಿಸಿದ ಈ ಕ್ರಮವು ಅವನ ವ್ಯಾಪಾರಬುದ್ಧಿಗೆ ಸಾಕ್ಷಿಯಾಗಿದೆ.

ಬೆಳಕು, ಟಚಿಂಗ್ ಮತ್ತು ನೆಗೆಟಿವ್ ಪೆಟ್ಟಿಗೆ

1871ರಲ್ಲಿ ಮ್ಯಾಡಾಕ್ಸ್ ಸೂಚಿಸಿದ ಜೆಲಟಿನ್ ಒಣಫಲಕಗಳು ಮುಂದಿನ ದಶಕದಲ್ಲಿ ಕಾರ್ಖಾನೆಯ ಸಿದ್ಧ ಸರಕಾಗಿ ಬಂದ ಮೇಲೆ, ಫಲಕವನ್ನು ಸ್ಥಳದಲ್ಲಿಯೇ ಲೇಪಿಸಿ ಒದ್ದೆಯಿರುವಾಗಲೇ ಬಳಸಬೇಕಾದ ಕಷ್ಟ ತಪ್ಪಿತು. ಸಣ್ಣ ಬಂಡವಾಳದ ದೇಶೀಯರಿಗೆ ಈ ವೃತ್ತಿ ಎಟುಕಿದ್ದು ಇದರಿಂದ. ಚಿತ್ರಗಾರಿಕೆ ಬಲ್ಲವರು, ಗಡಿಯಾರ ರಿಪೇರಿಯಂತಹ ಸೂಕ್ಷ್ಮ ಕೈಗೆಲಸ ಬಲ್ಲವರು ಇದಕ್ಕೆ ಸುಲಭವಾಗಿ ಹೊಂದಿಕೊಳ್ಳಬಹುದಾಗಿತ್ತು.

ಆರಂಭದ ಸ್ಟುಡಿಯೋಗಳು ಸೂರ್ಯನ ಬೆಳಕಿಗೆ ಅಧೀನವಾಗಿದ್ದವು. ಉತ್ತರಕ್ಕೆ ಇಳಿಜಾರಾದ ಗಾಜಿನ ಚಾವಣಿ, ಬೆಳಕನ್ನು ಹದಗೊಳಿಸುವ ಬಿಳಿಯ ಬಟ್ಟೆ, ಹಿಂದೆ ಬಣ್ಣದಲ್ಲಿ ಬರೆದ ಕಂಬ ಕಮಾನುಗಳ ಪರದೆ, ಮುಂದೆ ಒಂದು ಕುರ್ಚಿ ಮತ್ತು ಹೂದಾನಿಯ ಮೇಜು: ಇದು ಅಂದಿನ ಸಾಮಾನ್ಯ ವಿನ್ಯಾಸ. ಮಳೆಗಾಲವೆಂದರೆ ವ್ಯಾಪಾರಕ್ಕೆ ಬಿಡುವು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹರಿದ ವಿದ್ಯುತ್ತು 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ವಿದ್ಯುತ್ತು ಮನೆ ಅಂಗಡಿಗಳಿಗೆ ಹಬ್ಬಿದಂತೆ ಸ್ಟುಡಿಯೋ ಒಳಕೋಣೆಗೆ ಸರಿಯಿತು. ಕಚೇರಿ ಬಿಟ್ಟ ಮೇಲೆ ಸಂಜೆ ಬರುವ ನೌಕರವರ್ಗ ಅದರ ಗಿರಾಕಿಯಾಯಿತು. ವಿದ್ಯುತ್ತಿನಿಂದ ನಡೆಯುವ ಎನ್‌ಲಾರ್ಜರ್ ಬಂದುದರಿಂದ ಸಣ್ಣ ನೆಗೆಟಿವಿನಿಂದ ಗೋಡೆಗೆ ಹಾಕುವಷ್ಟು ದೊಡ್ಡ ಚಿತ್ರ ಮಾಡಬಹುದಾಯಿತು.

ಕಪ್ಪುಬಿಳುಪಿನ ಕಾಲದ ಸ್ಟುಡಿಯೋದ ನಿಜವಾದ ಕೌಶಲವಿದ್ದುದು ಕ್ಯಾಮರಾದ ಹಿಂದಲ್ಲ, ಟಚಿಂಗ್ ಮೇಜಿನ ಮುಂದೆ. ಫುಲ್ ಪ್ಲೇಟ್, ಹಾಫ್ ಪ್ಲೇಟ್ ನೆಗೆಟಿವನ್ನು ಇಳಿಜಾರು ಹಲಗೆಗೆ ಸಿಕ್ಕಿಸಿ, ಹಿಂದಿನಿಂದ ಬೆಳಕು ಬರುವಂತೆ ಮಾಡಿ, ಮೊನೆ ಚೂಪಾದ ಸೀಸದಕಡ್ಡಿಯಿಂದ ಮುಖದ ಕಲೆ, ಸುಕ್ಕು, ಕಣ್ಣ ಕೆಳಗಿನ ನೆರಳುಗಳನ್ನು ತಿದ್ದುತ್ತಿದ್ದರು. ನೆಗೆಟಿವಿನಲ್ಲಿ ಬೆಳಕು ಕತ್ತಲೆಗಳು ತಲೆಕೆಳಗಾಗಿರುವುದರಿಂದ ಸೀಸದ ಗುರುತು ಮುದ್ರಣದಲ್ಲಿ ಬೆಳ್ಳಗೆ ಮೂಡುತ್ತದೆ. ಇದನ್ನು ಮನಸ್ಸಿನಲ್ಲಿಯೇ ಲೆಕ್ಕ ಹಾಕಿ ಕೈಯಾಡಿಸುವುದನ್ನು ವರ್ಷಗಟ್ಟಲೆ ಗುರುವಿನ ಬಳಿ ಕಲಿಯಬೇಕಾಗಿತ್ತು. ಬ್ರೊಮೈಡ್ ಪ್ರತಿಗೆ ಕೈಯಿಂದ ಬಣ್ಣ ಹಚ್ಚುವುದು ಇದರ ಮುಂದಿನ ಹಂತ.

ಈ ಪರಿಶ್ರಮವೆಲ್ಲ ನೆಗೆಟಿವಿನಲ್ಲಿ ಸೇರಿಕೊಳ್ಳುತ್ತಿದ್ದುದರಿಂದ ಅದು ಸ್ಟುಡಿಯೋದ ಬಂಡವಾಳವಾಯಿತು. ಪ್ರತಿಯೊಂದು ನೆಗೆಟಿವಿಗೂ ಕ್ರಮಸಂಖ್ಯೆ, ಅದಕ್ಕೊಂದು ಲಕೋಟೆ, ರಿಜಿಸ್ಟರಿನಲ್ಲಿ ಗಿರಾಕಿಯ ಹೆಸರು ಮತ್ತು ತಾರೀಕು. ನೆಗೆಟಿವನ್ನು ಕಾಪಾಡಲಾಗಿದೆ, ಬೇಕೆಂದಾಗ ಪ್ರತಿ ದೊರೆಯುತ್ತದೆ ಎಂಬರ್ಥದ ಸೂಚನೆ ರಟ್ಟಿನ ಹಿಂಬದಿಯಲ್ಲಿ ಮುದ್ರಿತವಾಗಿರುತ್ತಿತ್ತು. ಇದು ಗಿರಾಕಿಗೆ ನೀಡಿದ ಆಶ್ವಾಸನೆಯೂ ಹೌದು, ಅವನು ಬೇರೆ ಅಂಗಡಿಗೆ ಹೋಗದಂತೆ ಹಾಕಿದ ಗಂಟೂ ಹೌದು. ಮನೆಯ ಹಿರಿಯರು ತೀರಿಕೊಂಡಾಗ ವೈಕುಂಠ ಸಮಾರಾಧನೆಯ ಹೊತ್ತಿಗೆ ಕಟ್ಟು ಹಾಕಿಸಿದ ದೊಡ್ಡ ಚಿತ್ರ ಬೇಕಾಗುತ್ತಿತ್ತು. ಆಗ ಮನೆಯವರು ಹತ್ತು ವರ್ಷ ಹಿಂದಿನ ಗ್ರೂಪ್ ಫೋಟೋದ ನೆಗೆಟಿವನ್ನು ಹುಡುಕಿಕೊಂಡು ಅದೇ ಸ್ಟುಡಿಯೋಕ್ಕೆ ಬರಬೇಕಾಗಿತ್ತು. ಹೊಸ ಚಿತ್ರಗಳಿಂದ ಬರುವ ಆದಾಯಕ್ಕೆ ಹೀಗೆ ಹಳೆಯ ನೆಗೆಟಿವ್‌ಗಳ ಆದಾಯವೂ ಸೇರುತ್ತಿತ್ತು.

ಪರದೇಶದ ಫಿಲ್ಮು, ಊಟಿಯ ಫಿಲ್ಮು

ಈ ವೃತ್ತಿಯ ದೌರ್ಬಲ್ಯವೆಂದರೆ ಅದರ ಕಚ್ಚಾಸಾಮಗ್ರಿಗಳೆಲ್ಲ ಹೊರಗಿನಿಂದ ಬರಬೇಕಾಗಿದ್ದುದು. ಸ್ವಾತಂತ್ರ್ಯಾನಂತರ ವಿದೇಶಿ ವಿನಿಮಯದ ಅಭಾವದಿಂದ ಆಮದು ಪರವಾನಗಿಯ ಕಟ್ಟುಪಾಡು ಬಿಗಿಯಾದಾಗ ಫಿಲ್ಮು ಮತ್ತು ಬ್ರೊಮೈಡ್ ಕಾಗದಗಳಿಗೆ ಅಭಾವ ಉಂಟಾಯಿತು. ರೂಪಾಯಿ ವ್ಯವಹಾರದಡಿ ಪೂರ್ವ ಜರ್ಮನಿಯಿಂದ ಬರುತ್ತಿದ್ದ ಓರ್ವೋ ಫಿಲ್ಮು ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬಿತು. ಕೇಂದ್ರ ಸರ್ಕಾರವು 1960ರಲ್ಲಿ ಊಟಿಯಲ್ಲಿ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಸಂಸ್ಥೆಯನ್ನು ಸ್ಥಾಪಿಸಿತು. ಫ್ರಾನ್ಸಿನ ಬೋಶೆ ಸಂಸ್ಥೆಯ ತಾಂತ್ರಿಕ ನೆರವಿನಿಂದ 1967ರಲ್ಲಿ ಅಲ್ಲಿ ಉತ್ಪಾದನೆ ಆರಂಭವಾಗಿ ‘ಇಂದು’ ಎಂಬ ಹೆಸರಿನ ಕಪ್ಪುಬಿಳುಪು ಫಿಲ್ಮು ಮತ್ತು ಕಾಗದಗಳು ಮಾರುಕಟ್ಟೆಗೆ ಬಂದವು. ಧೂಳಿಲ್ಲದ ತಂಪು ಹವೆಯ ನೀಲಗಿರಿಯನ್ನು ಕಾರ್ಖಾನೆಗೆ ಆರಿಸಿದ್ದು ಸಹಜವೇ ಆಗಿತ್ತು. ಆದರೆ ಲೋಕ ಬಣ್ಣದತ್ತ ಹೊರಳುತ್ತಿದ್ದ ಹೊತ್ತಿನಲ್ಲಿ ನಾವು ಕಪ್ಪುಬಿಳುಪಿನಲ್ಲಿ ಸ್ವಾವಲಂಬನೆ ಸಾಧಿಸಿದೆವು. 1990ರ ದಶಕದಲ್ಲಿ ಆ ಸಂಸ್ಥೆ ರೋಗಗ್ರಸ್ತ ಉದ್ಯಮವೆಂದು ಘೋಷಿತವಾಯಿತು, ಮುಂದೆ ಮುಚ್ಚಿತು.

ಫಿಲ್ಮಿನಲ್ಲಿರುವ ಬೆಳ್ಳಿಯೂ ಈ ವೃತ್ತಿಯನ್ನು ಜಾಗತಿಕ ಮಾರುಕಟ್ಟೆಗೆ ಕಟ್ಟಿಹಾಕಿತ್ತು. 1980ರ ಜನವರಿಯಲ್ಲಿ ಬೆಳ್ಳಿಯ ಬೆಲೆ ಔನ್ಸಿಗೆ 50 ಡಾಲರುಗಳ ಸಮೀಪಕ್ಕೆ ಏರಿದಾಗ ಜಗತ್ತಿನಾದ್ಯಂತ ಫಿಲ್ಮು ಉದ್ಯಮ ತತ್ತರಿಸಿತು. ಚಿತ್ರವನ್ನು ಸ್ಥಿರಗೊಳಿಸುವ ಹೈಪೋ ದ್ರಾವಣದಲ್ಲಿ ಬೆಳ್ಳಿ ಕರಗಿ ಉಳಿಯುವುದರಿಂದ ಬಳಸಿದ ಹೈಪೋವನ್ನು ಕೊಳ್ಳುವವರಿದ್ದರು. ಹಳೆಯ ಗಾಜಿನ ಫಲಕ ಮತ್ತು ನೆಗೆಟಿವ್‌ಗಳನ್ನು ಕೊಳ್ಳುವವರೂ ಇದ್ದರು. ಈ ಸಂಗತಿಯ ಪರಿಣಾಮವನ್ನು ಮುಂದೆ ನೋಡಲಿದ್ದೇವೆ.

ಬಣ್ಣದ ಲ್ಯಾಬು ಬಂದಾಗ

1972ರಲ್ಲಿ ಕೊಡಾಕ್ ಸಂಸ್ಥೆ ಸಿ–41 ಎಂಬ ಸಂಸ್ಕರಣ ವಿಧಾನವನ್ನು ತಂದಿತು. ಅದು ಬಣ್ಣದ ನೆಗೆಟಿವ್‌ಗಳಿಗೆ ಸಾರ್ವತ್ರಿಕ ಮಾನದಂಡವಾಯಿತು. ಅದೇ ದಶಕದ ಉತ್ತರಾರ್ಧದಲ್ಲಿ ಜಪಾನಿನ ನೊರಿತ್ಸು ಸಂಸ್ಥೆ ಅಂಗಡಿಯೊಳಗೆ ಇರಿಸಬಹುದಾದ ಸಂಸ್ಕರಣ ಯಂತ್ರಗಳನ್ನು ರೂಪಿಸಿತು. ಕರ್ನಾಟಕದಲ್ಲಿ ಮೊದಲು ಬಣ್ಣದ ರೋಲುಗಳನ್ನು ಹೊರಗಿನ ದೊಡ್ಡ ನಗರಗಳಿಗೆ ಕಳುಹಿಸಿ ದಿನಗಟ್ಟಲೆ ಕಾಯಬೇಕಾಗಿತ್ತು. 1980ರ ದಶಕದಲ್ಲಿ ಬೆಂಗಳೂರಿನಲ್ಲಿ, ಕ್ರಮೇಣ ಜಿಲ್ಲಾ ಕೇಂದ್ರಗಳಲ್ಲಿ ಕಲರ್ ಲ್ಯಾಬುಗಳು ತಲೆಯೆತ್ತಿದವು.

ಮದುವೆ ಮನೆಗಳಲ್ಲಿ ಬಣ್ಣದ ಆಲ್ಬಮ್ಮಿಗೆ ಬೇಡಿಕೆ ಹೆಚ್ಚಿದ್ದರಿಂದ ಮೇಲ್ನೋಟಕ್ಕೆ ಇದು ವೃತ್ತಿಯ ಸುವರ್ಣಕಾಲ. ಆದರೆ ರಚನೆಯ ದೃಷ್ಟಿಯಿಂದ ನೋಡಿದರೆ ಸ್ಟುಡಿಯೋ ತನ್ನ ಅರ್ಧ ಕಸುಬನ್ನು ಬಿಟ್ಟುಕೊಟ್ಟದ್ದು ಇದೇ ಕಾಲದಲ್ಲಿ. ಕತ್ತಲೆಕೋಣೆಯ ಕೆಲಸ ಲ್ಯಾಬಿನ ಪಾಲಾಯಿತು. ಬಣ್ಣದ ಸಣ್ಣ ನೆಗೆಟಿವಿನ ಮೇಲೆ ಸೀಸದಕಡ್ಡಿಯ ಟಚಿಂಗ್ ನಡೆಯುವಂತಿರಲಿಲ್ಲವಾಗಿ ಆ ಕುಶಲಕರ್ಮಿಗಳು ನಿರುದ್ಯೋಗಿಗಳಾದರು. ಲ್ಯಾಬಿನ ಯಂತ್ರ ಬಲು ದುಬಾರಿ. ಅದನ್ನು ಹೂಡಲು ಬಲ್ಲವನು ಉದ್ಯಮಿ, ಹೂಡಲಾಗದ ಛಾಯಾಗ್ರಾಹಕ ಅವನ ಗಿರಾಕಿ. ಜೊತೆಗೆ, ಸ್ವಂತ ಕ್ಯಾಮರಾ ಹೊಂದಿದ ಹವ್ಯಾಸಿ ನೇರವಾಗಿ ಲ್ಯಾಬಿಗೆ ಹೋಗಿ ಪ್ರತಿಗಳೊಡನೆ ನೆಗೆಟಿವ್ ಪಟ್ಟಿಯನ್ನೂ ಮನೆಗೆ ಒಯ್ಯತೊಡಗಿದನು. ನೆಗೆಟಿವ್ ಗಿರಾಕಿಯದೇ ಎಂಬ ಭಾವನೆ ಹೀಗೆ ಬೇರೂರಿತು. ಮದುವೆಯ ನೆಗೆಟಿವ್‌ಗಳನ್ನೂ ಆಲ್ಬಮ್ಮಿನೊಡನೆ ಕೊಡಬೇಕೆಂಬ ಷರತ್ತು ಸಾಮಾನ್ಯವಾಯಿತು. ಬಣ್ಣದ ರಂಜಕಗಳು ಬೆಳ್ಳಿಯಷ್ಟು ಸ್ಥಿರವಲ್ಲ. ಆದ್ದರಿಂದ 1970–80ರ ದಶಕಗಳ ಬಣ್ಣದ ಚಿತ್ರಗಳು ಅವುಗಳ ಅಜ್ಜಂದಿರ ಕಾಲದ ಕಪ್ಪುಬಿಳುಪು ಚಿತ್ರಗಳಿಗಿಂತ ಹೆಚ್ಚು ಮಾಸಿವೆ.

ಕಾನೂನಿನ ಕಣ್ಣಲ್ಲಿ: ಹಕ್ಕು ಮತ್ತು ತೆರಿಗೆ

ವೃತ್ತಿಯ ರೂಢಿ ಒಂದಾದರೆ ಕಾನೂನಿನ ದೃಷ್ಟಿ ಇನ್ನೊಂದಾಗಿತ್ತು. 1914ರ ಭಾರತೀಯ ಕೃತಿಸ್ವಾಮ್ಯ ಕಾಯಿದೆಯ ಮೂಲಕ ಇಲ್ಲಿಗೂ ಅನ್ವಯಿಸಿದ 1911ರ ಸಾಮ್ರಾಜ್ಯ ಕಾಯಿದೆಯು ಮೂಲ ನೆಗೆಟಿವ್ ತಯಾರಾದಾಗ ಅದರ ಒಡೆಯನಾಗಿದ್ದವನನ್ನೇ ಛಾಯಾಚಿತ್ರದ ಕರ್ತೃವೆಂದು ಪರಿಗಣಿಸಿತು. 1957ರ ಕೃತಿಸ್ವಾಮ್ಯ ಕಾಯಿದೆ ಇದನ್ನು ಬದಲಿಸಿ ಚಿತ್ರ ತೆಗೆದ ವ್ಯಕ್ತಿಯೇ ಕರ್ತೃ ಎಂದಿತು. ಆದರೆ ಎರಡೂ ಕಾಯಿದೆಗಳಲ್ಲಿ ಒಂದು ಮಾತು ಸಮಾನ: ಪ್ರತಿಫಲ ಕೊಟ್ಟು ತೆಗೆಸಿಕೊಂಡ ಚಿತ್ರದ ಕೃತಿಸ್ವಾಮ್ಯವು, ಬೇರೆ ಒಪ್ಪಂದವಿಲ್ಲದಿದ್ದರೆ, ತೆಗೆಸಿಕೊಂಡವರಿಗೇ ಮೊದಲು ಸೇರುತ್ತದೆ. ಅಂದರೆ ಪೆಟ್ಟಿಗೆಯಲ್ಲಿರುವ ನೆಗೆಟಿವ್ ಎಂಬ ವಸ್ತು ಸ್ಟುಡಿಯೋದ ವಶದಲ್ಲಿದ್ದರೂ ಅದರೊಳಗಿನ ಚಿತ್ರವನ್ನು ಮರುಮುದ್ರಿಸುವ ಹಕ್ಕು ಗಿರಾಕಿಯದು. ಛಾಯಾಚಿತ್ರಗಳ ಹಕ್ಕಿನ ಅವಧಿಯನ್ನು ಪ್ರಕಟಣೆಯಿಂದ ಎಣಿಸುತ್ತಿದ್ದ ಪ್ರತ್ಯೇಕ ನಿಯಮವನ್ನು 2012ರ ತಿದ್ದುಪಡಿ ತೆಗೆದುಹಾಕಿತು; ಈಗ ಇತರ ಕೃತಿಗಳಂತೆ ಕರ್ತೃವಿನ ಜೀವಿತಾವಧಿ ಮತ್ತು ಅನಂತರದ 60 ವರ್ಷಗಳ ನಿಯಮವೇ ಅನ್ವಯಿಸುತ್ತದೆ.

ತೆರಿಗೆಯ ವಿಷಯದಲ್ಲಿ ಇದೇ ಪ್ರಶ್ನೆ ಬೇರೊಂದು ರೂಪದಲ್ಲಿ ಎದ್ದಿತು. ಛಾಯಾಗ್ರಾಹಕ ಚಿತ್ರವನ್ನು ಕೊಡುವುದು ಸರಕಿನ ಮಾರಾಟವೋ, ಕೌಶಲದ ಸೇವೆಯೋ? 1977ರಲ್ಲಿ ವರದಿಯಾದ ಬಿ.ಸಿ. ಕಾಮೆ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಅದು ಕೌಶಲ ಮತ್ತು ಶ್ರಮದ ಕರಾರು, ಮಾರಾಟವಲ್ಲ ಎಂದು ತೀರ್ಮಾನಿಸಿತು. 1982ರ ಸಂವಿಧಾನದ 46ನೆಯ ತಿದ್ದುಪಡಿಯು ಕಾಮಗಾರಿ ಕರಾರುಗಳಲ್ಲಿ ಅಡಕವಾದ ಸರಕಿನ ಮೇಲೆ ತೆರಿಗೆ ವಿಧಿಸಲು ರಾಜ್ಯಗಳಿಗೆ ಅವಕಾಶ ನೀಡಿತು. ಅದರಂತೆ ಕರ್ನಾಟಕ ಮಾರಾಟ ತೆರಿಗೆ ಕಾಯಿದೆಯ ಆರನೆಯ ಅನುಸೂಚಿಯಲ್ಲಿ ಛಾಯಾಚಿತ್ರ ಸಂಸ್ಕರಣ ಮತ್ತು ಪೂರೈಕೆಯ ನಮೂದು ಸೇರಿತು. 2000ದಲ್ಲಿ ರೇನ್‌ಬೋ ಕಲರ್ ಲ್ಯಾಬ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಲ್ಯಾಬುಗಳ ಪರವಾಗಿ ತೀರ್ಪಿತ್ತ ಮೇಲೆ ಕರ್ನಾಟಕದ ನಮೂದೂ ಬಿದ್ದುಹೋಯಿತು. 2004ರಲ್ಲಿ ರಾಜ್ಯವು ಅದನ್ನು ಪೂರ್ವಾನ್ವಯವಾಗಿ ಮತ್ತೆ ಸೇರಿಸಿತು. ಕೊನೆಗೆ 2015ರ ಜನವರಿಯಲ್ಲಿ ಕರ್ನಾಟಕ ರಾಜ್ಯ ಮತ್ತು ಪ್ರೊ ಲ್ಯಾಬ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ರಾಜ್ಯದ ವಾದವನ್ನು ಎತ್ತಿಹಿಡಿಯಿತು. ಇದರ ನಡುವೆ 2001ರ ಜುಲೈಯಿಂದ ಕೇಂದ್ರದ ಸೇವಾ ತೆರಿಗೆಯೂ ಸ್ಟುಡಿಯೋಗಳ ಮೇಲೆ ಬಿದ್ದಿತ್ತು. ಒಂದೇ ಚಿತ್ರ ಒಂದು ಸರ್ಕಾರಕ್ಕೆ ಸರಕು, ಇನ್ನೊಂದಕ್ಕೆ ಸೇವೆ. 2017ರ ಸರಕು ಮತ್ತು ಸೇವಾ ತೆರಿಗೆಯವರೆಗೂ ಈ ದ್ವಂದ್ವ ಉಳಿಯಿತು. ಕರ್ನಾಟಕದ ಪ್ರಕರಣ ಇತ್ಯರ್ಥವಾಗುವ ಹೊತ್ತಿಗೆ ವಿವಾದದ ವಸ್ತುವಾಗಿದ್ದ ನೆಗೆಟಿವ್ ಮಾರುಕಟ್ಟೆಯಿಂದಲೇ ಬಹುಮಟ್ಟಿಗೆ ಕಣ್ಮರೆಯಾಗಿದ್ದುದು ಚರಿತ್ರೆಯ ವ್ಯಂಗ್ಯ.

ನೆಗೆಟಿವ್ ಇಲ್ಲದ ಕಾಲ

ಹೊಸ ಶತಮಾನದ ಮೊದಲ ದಶಕದಲ್ಲಿ ಡಿಜಿಟಲ್ ಕ್ಯಾಮರಾ ಫಿಲ್ಮನ್ನು ಹಿಂದಿಕ್ಕಿತು. ಆಗ್ಫಾ ಫೋಟೊ 2005ರಲ್ಲಿ ದಿವಾಳಿಯಾಯಿತು. ಕೊನಿಕಾ ಮಿನೊಲ್ಟಾ 2006ರಲ್ಲಿ ಛಾಯಾಗ್ರಹಣ ಕ್ಷೇತ್ರವನ್ನೇ ತೊರೆಯುವುದಾಗಿ ಪ್ರಕಟಿಸಿತು. ಕೊಡಾಕ್ 2012ರ ಜನವರಿಯಲ್ಲಿ ದಿವಾಳಿ ರಕ್ಷಣೆ ಕೋರಿತು. ಡಿಜಿಟಲ್ ಕ್ಯಾಮರಾವನ್ನು ಕೂಡ ಮೊಬೈಲ್ ಫೋನು ಬೇಗನೆ ಹಿಂದಿಕ್ಕಿತು. ಜಪಾನಿನ ತಯಾರಕರ ಸಂಘದ ಲೆಕ್ಕದಂತೆ 2010ರಲ್ಲಿ ಸುಮಾರು 12 ಕೋಟಿಯಷ್ಟಿದ್ದ ಡಿಜಿಟಲ್ ಕ್ಯಾಮರಾ ರವಾನೆ 2021ರಲ್ಲಿ ಸುಮಾರು 84 ಲಕ್ಷಕ್ಕೆ ಕುಸಿಯಿತು. ಕಲರ್ ಲ್ಯಾಬುಗಳ ದುಬಾರಿ ಯಂತ್ರಗಳು, ಅವುಗಳ ಸಾಲ ತೀರುವ ಮೊದಲೇ ಹಳತಾದವು.

ಸಣ್ಣ ಊರಿನ ಸ್ಟುಡಿಯೋಗಳ ದಿನಬಳಕೆಯ ಆದಾಯ ಪಾಸ್‌ಪೋರ್ಟ್ ಸೈಜಿನ ಚಿತ್ರಗಳಿಂದ ಬರುತ್ತಿತ್ತು. ಈ ಬೇಡಿಕೆಯ ಹಿಂದೆ ಇದ್ದುದು ಪ್ರಭುತ್ವ: ಪರೀಕ್ಷೆ, ಬ್ಯಾಂಕು, ಪಡಿತರ, ಪರವಾನಗಿಗಳಿಗೆಲ್ಲ ಭಾವಚಿತ್ರ ಬೇಕಾಯಿತು. ಆದರೆ ಪ್ರಭುತ್ವವೇ ಕ್ರಮೇಣ ಕ್ಯಾಮರಾವನ್ನು ಕೈಗೆತ್ತಿಕೊಂಡಿತು. 1993ರಲ್ಲಿ ಚುನಾವಣಾ ಆಯೋಗ ಮತದಾರರ ಭಾವಚಿತ್ರದ ಗುರುತುಪತ್ರಕ್ಕೆ ಆದೇಶಿಸಿತು. 2010ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಅರ್ಜಿದಾರರ ಚಿತ್ರವನ್ನು ಕೌಂಟರಿನಲ್ಲಿಯೇ ತೆಗೆಯುವ ಪದ್ಧತಿ ಬಂದಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಆರಂಭವಾದ ಆಧಾರ್ ನೋಂದಣಿಯಲ್ಲಿಯೂ ಅದೇ ಕ್ರಮ. ಪಾಸ್‌ಪೋರ್ಟ್ ಸೈಜು ಎಂಬ ಹೆಸರನ್ನು ಕೊಟ್ಟ ದಾಖಲೆಗೇ ಸ್ಟುಡಿಯೋ ಬೇಡವಾಯಿತು.

ಉಳಿದುದು ಮದುವೆ ಮತ್ತು ಸಮಾರಂಭಗಳು. ಇಲ್ಲಿ ವೃತ್ತಿ ಬೆಳೆದಿದೆ ಎಂಬುದನ್ನು ಒಪ್ಪಬೇಕು. ಮದುವೆಗೆ ಮುಂಚಿನ ಚಿತ್ರೀಕರಣ, ಡ್ರೋನ್, ಪುಸ್ತಕರೂಪದ ಆಲ್ಬಮ್, ಚಲನಚಿತ್ರದಂತಹ ವಿಡಿಯೋಗಳಿಂದ ಹೊಸ ಪೀಳಿಗೆಯವರು ಸಂಪಾದಿಸುತ್ತಿದ್ದಾರೆ. ಆದರೆ ಅವರಿಗೆ ಪೇಟೆಬೀದಿಯ ಅಂಗಡಿ ಅನಿವಾರ್ಯವಲ್ಲ, ರಿಜಿಸ್ಟರು ಅನಿವಾರ್ಯವಲ್ಲ. ಕಡತಗಳನ್ನು ಗಿರಾಕಿಗೆ ಒಪ್ಪಿಸಿದ ಮೇಲೆ ಹಾರ್ಡ್ ಡಿಸ್ಕನ್ನು ಮುಂದಿನ ಮದುವೆಗಾಗಿ ಬರಿದು ಮಾಡುವುದು ವ್ಯಾವಹಾರಿಕ ಜಾಣ್ಮೆ. ಹಳೆಯ ಸ್ಟುಡಿಯೋ ತನ್ನ ಲಾಭಕ್ಕಾಗಿ ನೆಗೆಟಿವನ್ನು ಕಾಪಾಡುತ್ತಿತ್ತು. ಹಾಗೆ ಕಾಪಾಡುತ್ತ, ಅರಿವಿಲ್ಲದೆಯೇ, ಊರಿನ ದಾಖಲೆಯನ್ನೂ ಕಾಪಾಡುತ್ತಿತ್ತು. ಲಾಭದ ಕಾರಣ ಇಲ್ಲವಾದೊಡನೆ ಕಾಪಾಡುವ ಕೆಲಸವೂ ನಿಂತಿತು.

ಉಪಸಂಹಾರ

ಈ ಹಿನ್ನೆಲೆಯಲ್ಲಿ ಹಳೆಯ ಸ್ಟುಡಿಯೋಗಳ ನೆಗೆಟಿವ್ ಸಂಗ್ರಹಗಳ ಸ್ಥಿತಿ ಆತಂಕಕಾರಿಯಾಗಿದೆ. ಅಂಗಡಿ ಮುಚ್ಚಿದಾಗ ಗಾಜಿನ ಫಲಕಗಳು ಬೆಳ್ಳಿಗಾಗಿ ತೊಳೆಯುವವರಿಗೋ ಗುಜರಿಗೋ ಹೋಗುತ್ತವೆ. ಕರಾವಳಿ ಮತ್ತು ಮಲೆನಾಡುಗಳ ತೇವಕ್ಕೆ ಜೆಲಟಿನ್ ಪದರದ ಮೇಲೆ ಬೂಷ್ಟು ಬೆಳೆಯುತ್ತದೆ; ಅಸಿಟೇಟ್ ಫಿಲ್ಮು ಹುಳಿವಾಸನೆ ಸೂಸುತ್ತ ಮುದುಡಿಹೋಗುತ್ತದೆ. ದೊಡ್ಡ ಸಂಸ್ಥೆಗಳಿಗೂ ಇದು ತಪ್ಪಿದ್ದಲ್ಲ. ಬೋರ್ನ್ ಅಂಡ್ ಶೆಫರ್ಡಿನ ಕಲ್ಕತ್ತೆಯ ಸಂಗ್ರಹವು 1991ರ ಬೆಂಕಿಯಲ್ಲಿ ಬಹುಪಾಲು ನಾಶವಾಯಿತು; ಸ್ಟುಡಿಯೋ 2016ರಲ್ಲಿ ಬಾಗಿಲು ಹಾಕಿತು. ಇದಕ್ಕೆ ವ್ಯತಿರಿಕ್ತವಾಗಿ ದೀನದಯಾಳನ 2,857 ಗಾಜಿನ ನೆಗೆಟಿವ್‌ಗಳನ್ನು ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರ 1989ರಲ್ಲಿ ಪಡೆದುಕೊಂಡುದರಿಂದ ಅವನ ಕೃತಿರಾಶಿಯ ಒಂದು ಭಾಗವಾದರೂ ಅಧ್ಯಯನಕ್ಕೆ ಉಳಿಯಿತು. ತಮಿಳುನಾಡಿನ ಹಳೆಯ ಸ್ಟುಡಿಯೋಗಳ ಚಿತ್ರಗಳನ್ನು ಪುದುಚೇರಿಯ ಫ್ರೆಂಚ್ ಸಂಸ್ಥೆ ಬ್ರಿಟಿಷ್ ಲೈಬ್ರರಿಯ ನೆರವಿನಿಂದ ಅಂಕೀಕರಿಸಿದೆ. 2023ರಲ್ಲಿ ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಕಲೆ ಮತ್ತು ಛಾಯಾಗ್ರಹಣದ ವಸ್ತುಸಂಗ್ರಹಾಲಯ ತೆರೆದಿರುವುದು ಆಶಾದಾಯಕ. ಆದರೆ ಒಂದು ನಗರದ ಒಂದು ಸಂಸ್ಥೆ ಇಡೀ ನಾಡಿನ ಹೊರೆಯನ್ನು ಹೊರಲಾರದು.

ಆದ್ದರಿಂದ ಮೂರು ಕಾರ್ಯಗಳು ತುರ್ತಾಗಿ ನಡೆಯಬೇಕಾಗಿವೆ. ಒಂದು, ಜಿಲ್ಲಾವಾರು ಹಳೆಯ ಸ್ಟುಡಿಯೋಗಳ ಸಮೀಕ್ಷೆ. ಎರಡು, ನೆಗೆಟಿವ್‌ಗಳ ಜೊತೆಗೆ ರಿಜಿಸ್ಟರುಗಳ ಸಂಗ್ರಹ. ಏಕೆಂದರೆ ರಿಜಿಸ್ಟರು ಇಲ್ಲದ ನೆಗೆಟಿವ್ ಹೆಸರಿಲ್ಲದ ಮುಖ ಮಾತ್ರ, ಅದು ಇದ್ದರೆ ತಾರೀಕು, ಊರು, ಕೊಟ್ಟ ಹಣಗಳೊಡನೆ ಪೂರ್ಣ ದಾಖಲೆ. ಮೂರು, ಹಿರಿಯ ಟಚಿಂಗ್ ಕಲಾವಿದರ, ಕತ್ತಲೆಕೋಣೆಯ ಕೆಲಸಗಾರರ ಅನುಭವಗಳ ಧ್ವನಿಮುದ್ರಣ. ಅವರ ವಿದ್ಯೆ ಯಾವ ಪಠ್ಯದಲ್ಲಿಯೂ ಪೂರ್ತಿಯಾಗಿ ಬರಹಕ್ಕೆ ಇಳಿದಿಲ್ಲ. ಕೃತಿಸ್ವಾಮ್ಯ ತೆಗೆಸಿಕೊಂಡವರದೆಂಬ ನಿಯಮವಿರುವುದರಿಂದ ಪ್ರಕಟಣೆಗೆ ಮುನ್ನ ಕುಟುಂಬಗಳ ಒಪ್ಪಿಗೆ ಬೇಕಾಗುತ್ತದೆ. ಇದನ್ನು ಅಡ್ಡಿಯೆಂದು ಭಾವಿಸದೆ, ಚಿತ್ರದಲ್ಲಿರುವವರ ಗುರುತನ್ನು ಅವರ ಮನೆಯವರಿಂದಲೇ ತಿಳಿಯುವ ಅವಕಾಶವೆಂದು ಸಂಶೋಧಕರು ಕಾಣಬೇಕು.

ನೆಗೆಟಿವ್ ಯಾರದು ಎಂಬ ಪ್ರಶ್ನೆಗೆ ಸ್ಟುಡಿಯೋ ಒಂದು ಉತ್ತರ ಕೊಟ್ಟಿತು, ಗಿರಾಕಿ ಇನ್ನೊಂದು, ಕಾನೂನು ಮತ್ತೊಂದು. ಈಗ ಅದು ವ್ಯಾಪಾರದ ಪ್ರಶ್ನೆಯಾಗಿ ಉಳಿದಿಲ್ಲ. ಅಂಗಡಿಯ ಅಟ್ಟದ ಮೇಲೆ ಉಳಿದಿರುವ ಪೆಟ್ಟಿಗೆಗಳಿಗೆ ಲಾಭ ನೋಡುವ ಒಡೆಯನಿಲ್ಲ. ಅವುಗಳ ಹೊಣೆಯನ್ನು ಗ್ರಂಥಾಲಯಗಳೂ ಪತ್ರಾಗಾರಗಳೂ ವಿಶ್ವವಿದ್ಯಾಲಯಗಳೂ ಹೊರಬೇಕಾಗಿದೆ.